445 ನ್ಯಾನೋಮೀಟರ್ ಡಯೋಡ್: ಫಿನ್ ತಣ್ಣಗೇ ಇದೆ, ಆದ್ರೂ ಐದು ನಿಮಿಷಕ್ಕೆ ಪವರ್ ಇಳಿಯುತ್ತೆ

ಪ್ಲೈವುಡ್_ಪಾಪಣ್ಣ

ಎಲ್ಲರಿಗೂ ನಮಸ್ಕಾರ. ಸಣ್ಣ ಸಿಎನ್‌ಸಿಗೆ (ಕಂಪ್ಯೂಟರ್ ನಡೆಸೋ ಕೆತ್ತನೆ ಮೆಷಿನ್) ಮರ ಕೆತ್ತೋ ಲೇಸರ್ ಹೆಡ್ ಕಟ್ಟಿದ್ದೀನಿ. ಎರಡು ತೊಂದರೆ ಇವೆ. ಮೊದಲು ಸೆಟಪ್ ಹೇಳಿಬಿಡ್ತೀನಿ.

ಲೇಸರ್ ಡಯೋಡ್ ನಿಚಿಯಾ ಕಂಪನಿಯ ಎನ್‌ಯುಬಿಎಂ08, ನೀಲಿ, 9 ಮಿ.ಮೀ. ಕ್ಯಾನ್ (ಲೋಹದ ಡಬ್ಬಿ). 3 ಆಂಪ್ ಹರಿಯುವಾಗ ಕಾಲುಗಳ ನಡುವೆ 4.3 ವೋಲ್ಟ್ ಬರುತ್ತೆ. 12 ಮಿ.ಮೀ. ಹಿತ್ತಾಳೆ ಮಾಡ್ಯೂಲಿಗೆ ಪ್ರೆಸ್ ಮಾಡಿದ್ದು, ಆ ಮಾಡ್ಯೂಲನ್ನು 33×33×50 ಮಿ.ಮೀ. ಅಲ್ಯೂಮಿನಿಯಂ ಫಿನ್ ಬ್ಲಾಕಿನ ತೂತಿಗೆ ತೂರಿಸಿ ಒಂದು ಎಂ3 ಗ್ರಬ್ ಸ್ಕ್ರೂ ಬಿಗಿದಿದ್ದೀನಿ. ಮೇಲೆ 40 ಮಿ.ಮೀ. ಫ್ಯಾನ್.

ಪವರ್ ಸಾಲು: 12 ವೋಲ್ಟ್ 5 ಆಂಪ್ ಅಡಾಪ್ಟರ್, ಅಲ್ಲಿಂದ ಅಗ್ಗದ 5 ಆಂಪ್ ಸಿಸಿ-ಸಿವಿ ಬಕ್ ಬೋರ್ಡ್ (ವೋಲ್ಟೇಜ್ ಇಳಿಸೋ ಬೋರ್ಡ್; ಸಿಸಿ ಅಂದ್ರೆ ಸ್ಥಿರ ಕರೆಂಟ್, ಸಿವಿ ಅಂದ್ರೆ ಸ್ಥಿರ ವೋಲ್ಟೇಜ್), ಆಮೇಲೆ ಟಾಗಲ್ ಸ್ವಿಚ್, ಆಮೇಲೆ ಡಯೋಡ್. ಬೋರ್ಡಿನ ಔಟ್‌ಪುಟ್ಟನ್ನು ಮಲ್ಟಿಮೀಟರಿನ 10 ಆಂಪ್ ರೇಂಜಿನಲ್ಲಿ ಶಾರ್ಟ್ ಮಾಡಿ ಕರೆಂಟ್ 3 ಆಂಪ್‌ಗೆ ಸೆಟ್ ಮಾಡಿದ್ದು. ವೋಲ್ಟೇಜ್ ಪಾಟ್ (ತಿರುಗಿಸಿ ಹೊಂದಿಸೋ ರೆಸಿಸ್ಟರ್) ಮುಟ್ಟಿಲ್ಲ.

ತೊಂದರೆ ಒಂದು: ಶುರುವಿನಲ್ಲಿ 3 ಮಿ.ಮೀ. ಪ್ಲೈವುಡ್ ಚೆನ್ನಾಗಿ ಕತ್ತರಿಸುತ್ತೆ. ಐದಾರು ನಿಮಿಷ ಆದಮೇಲೆ ಗೆರೆ ತೆಳ್ಳಗಾಗಿ ಕೊನೆಗೆ ಬರೀ ಕಂದು ಬಣ್ಣ ಬರುತ್ತೆ. ಫಿನ್ ಮುಟ್ಟಿದ್ರೆ ಬೆಚ್ಚಗೂ ಇಲ್ಲ.

ತೊಂದರೆ ಎರಡು: ಇದಕ್ಕೆ ಮುಂಚಿನ ಡಯೋಡ್ ಸ್ವಿಚ್ ಹಾಕಿದ ಕ್ಷಣಕ್ಕೇ ಹೋಯ್ತು. ಈಗ ಅದಕ್ಕೆ ಕರೆಂಟ್ ಕೊಟ್ರೆ ಮಂಕಾಗಿ ನೀಲಿ ಹೊಳೆಯುತ್ತೆ, ಎಲ್‌ಇಡಿ ಥರ.

ದೊಡ್ಡ ಹೀಟ್ ಸಿಂಕ್ ಹಾಕಲೋ, ಪೆಲ್ಟಿಯರ್ (ಕರೆಂಟ್ ಕೊಟ್ರೆ ಒಂದು ಬದಿ ತಂಪಾಗಿ ಇನ್ನೊಂದು ಬಿಸಿಯಾಗೋ ಬಿಲ್ಲೆ) ಹಾಕಲೋ? ಸಪ್ಲೈ ಬದಲಿಸಬೇಕಾ?

---

ಓಂಕಾರ_ಓಮ್

ಫಿನ್ ತಣ್ಣಗಿದೆ ಅನ್ನೋದೇ ನಿಮ್ಮ ಉತ್ತರ ಸರ್. ಒಳಗೆ ಹುಟ್ಟೋ ಶಾಖ ಫಿನ್ ತನಕ ಸಲೀಸಾಗಿ ಬರ್ತಾ ಇಲ್ಲ. ಈಗ ದೊಡ್ಡ ಹೀಟ್ ಸಿಂಕ್ ತಂದು ಹಾಕಿದ್ರೆ ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಲೆಕ್ಕ ನೋಡಿ. 3 ಆಂಪ್ ಗುಣಿಸು 4.3 ವೋಲ್ಟ್, ಸುಮಾರು 13 ವ್ಯಾಟ್ ಒಳಗೆ. ಬೆಳಕಾಗಿ ಹೊರಬರೋದು ನಾಲ್ಕೂವರೆ ವ್ಯಾಟ್ ಚಿಲ್ಲರೆ. ಉಳಿದ 8 ವ್ಯಾಟ್ ಶಾಖ. ಎಂಟು ವ್ಯಾಟ್ ದೊಡ್ಡ ಶಾಖವೇನಲ್ಲ, ನಿಮ್ಮ ಬ್ಲಾಕು ಫ್ಯಾನು ಅದನ್ನ ಆರಾಮಾಗಿ ಹೊರಗೆ ಹಾಕುತ್ತೆ. ಆದ್ರೆ ಅದು ದಾಟಬೇಕಾದ ಸಂದು ನೋಡಿ. 12 ಮಿ.ಮೀ. ಮಾಡ್ಯೂಲಿಗೆ 12.2 ಮಿ.ಮೀ. ತೂತು ಅಂದ್ಕೊಳ್ಳಿ. ಸುತ್ತಲೂ 0.1 ಮಿ.ಮೀ. ಗಾಳಿ. ಮಾಡ್ಯೂಲ್ 30 ಮಿ.ಮೀ. ಒಳಗೆ ಕೂತಿದ್ರೆ ಮೇಲ್ಮೈ ಸುಮಾರು 1130 ಚದರ ಮಿ.ಮೀ. ಗಾಳಿಯ ಶಾಖವಾಹಕತೆ 0.026 (ಮೀಟರಿಗೆ, ಡಿಗ್ರಿಗೆ ಇಷ್ಟು ವ್ಯಾಟ್). ಹಾಗಾದ್ರೆ ಆ ತೆಳು ಗಾಳಿಯೊಂದೇ ಪ್ರತಿ ವ್ಯಾಟಿಗೆ 3.4 ಡಿಗ್ರಿ, 8 ವ್ಯಾಟಿಗೆ 27 ಡಿಗ್ರಿ! ಅದೇ ಸಂದಿಗೆ ವಾಹಕತೆ 4 ಇರೋ ಸಾಧಾರಣ ಥರ್ಮಲ್ ಪೇಸ್ಟ್ ತುಂಬಿದ್ರೆ ಕಾಲು ಡಿಗ್ರಿಯೂ ಆಗಲ್ಲ. ಗ್ರಬ್ ಸ್ಕ್ರೂ ಒತ್ತೋದ್ರಿಂದ ಎದುರು ಬದಿಯಲ್ಲಿ ಒಂದು ಗೆರೆಯಷ್ಟು ಲೋಹ ಲೋಹಕ್ಕೆ ತಾಗುತ್ತೆ, ಹಾಗಾಗಿ ಪೂರ್ತಿ 27 ಬರದೇ ಇರಬಹುದು. ಆದ್ರೂ ಖಾಯಿಲೆ ಅಲ್ಲೇ ಇದೆ.

ಬೇರೆ ಏನನ್ನೂ ಬಿಚ್ಚೋ ಮುಂಚೆ ಒಂದು ಪರೀಕ್ಷೆ ಮಾಡಿ. ಪವರ್ ಇಳಿದಾಗ ಆರಿಸಿ, ಹತ್ತು ನಿಮಿಷ ಬಿಟ್ಟು, ಲೆನ್ಸ್ ಮುಟ್ಟದೆ ಮತ್ತೆ ಅದೇ ಗೆರೆ ಹಾಕಿ. ಮೊದಲಿನ ಆಳ ವಾಪಸ್ ಬಂದ್ರೆ ಅದು ಶಾಖ. ಬರದೇ ಇದ್ರೆ ಲೆನ್ಸಿನ ಮೇಲೆ ಪ್ಲೈವುಡ್ಡಿನ ಹೊಗೆ ಕೂತಿದೆ. ಇದನ್ನ ಗೊತ್ತು ಮಾಡ್ಕೊಳ್ಳದೆ ಎಷ್ಟೋ ಜನ ಲೆನ್ಸ್ ಒರೆಸಬೇಕಾದ ಕಡೆ ಹೀಟ್ ಸಿಂಕ್ ಬದಲಿಸ್ತಾರೆ. ಒರೆಸೋದು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಲೆನ್ಸ್ ಪೇಪರಿನಿಂದ, ಒಂದೇ ದಿಕ್ಕಿಗೆ ಒಂದೇ ಸಲ. ಉಜ್ಜಬೇಡಿ.

ಪವರ್ ಮೀಟರ್ ಇಲ್ಲ ಅಂತ ಚಿಂತೆ ಬೇಡ. 25×25×3.6 ಮಿ.ಮೀ. ತಾಮ್ರದ ತುಂಡು ಸುಮಾರು 20 ಗ್ರಾಂ ತೂಗುತ್ತೆ. ಒಂದು ಮುಖಕ್ಕೆ ದೀಪದ ಮಸಿ ಹಿಡಿಸಿ, ಬೆನ್ನಿಗೆ ಕೆ-ಟೈಪ್ ಥರ್ಮೋಕಪಲ್ ಅಂಟಿಸಿ, ಥರ್ಮೊಕೋಲ್ ಚೂರಿನ ಮೇಲೆ ಕೂರಿಸಿ. ಕಿರಣ ಫೋಕಸ್ ಆಗದೆ ಹರಡಿರಲಿ, ಇಲ್ಲಾಂದ್ರೆ ಮಸಿ ಸುಟ್ಟುಹೋಗುತ್ತೆ. ತಾಮ್ರದ ಗಾತ್ರ ದಾಟಿ ಥರ್ಮೊಕೋಲಿಗೂ ಬೀಳಬಾರದು. ಸರಿಯಾಗಿ 10 ಸೆಕೆಂಡ್ ಬೆಳಕು ಬಿಟ್ಟು ಏರಿಕೆ ಬರೆದುಕೊಳ್ಳಿ. ತಾಮ್ರಕ್ಕೆ ಗ್ರಾಂ ಒಂದಕ್ಕೆ ಡಿಗ್ರಿಗೆ 0.385 ಜೂಲ್. 5 ವ್ಯಾಟ್ ಬಿದ್ರೆ 50 ಜೂಲ್, ಏರಿಕೆ 6.5 ಡಿಗ್ರಿ. ನಿಖರ ವ್ಯಾಟ್ ಬೇಕಾಗಿಲ್ಲ. ಶುರುವಿಗೂ ಹದಿನೈದು ನಿಮಿಷದ ನಂತರಕ್ಕೂ ಏನು ವ್ಯತ್ಯಾಸ ಅನ್ನೋದು ಸಾಕು.

ಈಗ ರಿಪೇರಿ. ತೂತನ್ನು ಇನ್ನು ಚಿಕ್ಕದು ಮಾಡೋಕಾಗಲ್ಲ, ಅದಕ್ಕೆ ಬ್ಲಾಕಿನ ಒಂದು ಗೋಡೆಯನ್ನ ಹ್ಯಾಕ್ಸಾದಲ್ಲಿ ಉದ್ದಕ್ಕೆ ತೂತಿನ ತನಕ ಸೀಳಿ. ಸೀಳಿಗೆ ಅಡ್ಡವಾಗಿ ಎರಡು ಎಂ3 ಬೋಲ್ಟ್ ಹಾಕಿದ್ರೆ ಬ್ಲಾಕು ಮಾಡ್ಯೂಲನ್ನ ಸುತ್ತಲೂ ಹಿಡಿಯುತ್ತೆ. ಗ್ರಬ್ ಸ್ಕ್ರೂ ಬಿಸಾಕಿ. ಹೊಸ ಬ್ಲಾಕ್ ಮಾಡಿಸೋದಾದ್ರೆ ಲೇತಿನವರಿಗೆ 11.8ಕ್ಕೆ ಡ್ರಿಲ್ ಹೊಡೆದು 12ರ ರೀಮರ್ ಹಾಕಿ ಅಂತ ಹೇಳಿ, ಬರೀ 12ರ ಡ್ರಿಲ್ ಅಂದ್ರೆ ದೊಡ್ಡದಾಗೇ ಬರುತ್ತೆ. ಪೇಸ್ಟ್ ತೆಳುವಾಗಿ ಬಳಿಯಿರಿ, ಲೆನ್ಸ್ ಕಡೆಯ 5 ಮಿ.ಮೀ. ಒಣಗಿರಲಿ. ಬಿಸಿಯಾದ ಸಿಲಿಕೋನ್ ಎಣ್ಣೆಯ ಆವಿ ಲೆನ್ಸಿನ ಮೇಲೆ ಕೂತರೆ ಆ ತೀವ್ರತೆಯ ನೀಲಿ ಬೆಳಕಿಗೆ ಸುಟ್ಟು ಕಲೆಯಾಗುತ್ತೆ, ಆ ಕಲೆ ಒರೆಸಿದ್ರೂ ಹೋಗಲ್ಲ.

ಮಾಡ್ಯೂಲ್ ಬದಲಿಸೋ ಯೋಚನೆ ಇದ್ರೆ ತಾಮ್ರದ್ದು ತಗೊಳ್ಳಿ. ತಾಮ್ರದ ವಾಹಕತೆ 390 ಆಸುಪಾಸು, ಹಿತ್ತಾಳೆ 120. ಡಯೋಡಿನ ಪಕ್ಕದ ಮೊದಲ ಐದು ಮಿಲಿಮೀಟರಿನಲ್ಲಿ ಶಾಖ ಬಹಳ ಇಕ್ಕಟ್ಟಿನಲ್ಲಿ ಹರಿಯುತ್ತೆ, ಲೋಹದ ಗುಣ ನಿಜಕ್ಕೂ ಮುಖ್ಯ ಆಗೋದು ಅಲ್ಲಿ ಮಾತ್ರ. ಫಿನ್ ಅಲ್ಯೂಮಿನಿಯಮ್ಮೇ ಇರಲಿ.

ಪ್ರೆಸ್ ಮಾಡುವಾಗ ಒತ್ತಡ ಕ್ಯಾನಿನ ಕೆಳಗಿನ ಅಗಲ ತಟ್ಟೆಯ ಮೇಲೆ ಮಾತ್ರ ಬೀಳಬೇಕು, ಗಾಜಿನ ಮೇಲಾಗಲಿ ಕಾಲುಗಳ ಮೇಲಾಗಲಿ ಅಲ್ಲ. ವೈಸಿನಲ್ಲಿ ಇಟ್ಟು ಕಾಲು ಸುತ್ತು ಕಾಲು ಸುತ್ತು ಬಿಗಿಯಿರಿ. ಕೂತ ಮೇಲೆ ಟಾರ್ಚ್ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ತಟ್ಟೆಯ ಅಂಚಿನಲ್ಲಿ ಒಂದು ಕಡೆ ಕೂದಲೆಳೆಯ ಕಪ್ಪು ಗೆರೆ ಕಂಡ್ರೆ ಡಯೋಡ್ ವಾರೆ ಕೂತಿದೆ ಅಂತ ಅರ್ಥ. ಆ ಕಡೆಯಿಂದ ಶಾಖ ಹೋಗಲ್ಲ.

---

ಸುಟ್ಟ_ಟ್ರಾನ್ಸಿಸ್ಟರ್

ಶಾಖದ ಕಥೆ ಓಂಕಾರ್ ಹೇಳಿದ್ರು. ಡಯೋಡ್ ಸತ್ತಿದ್ದು ಶಾಖದಿಂದಲ್ಲ, ಆ ಟಾಗಲ್ ಸ್ವಿಚ್ ಇರೋ ಜಾಗದಿಂದ.

ಸ್ವಿಚ್ ಆಫ್ ಇದ್ದಾಗ ಬೋರ್ಡಿಗೆ ಲೋಡ್ ಇಲ್ಲ. ಕರೆಂಟ್ ಹರಿಸೋಕೆ ದಾರಿ ಇಲ್ಲದೆ ಅದು ವೋಲ್ಟೇಜನ್ನ ಸಿವಿ ಪಾಟ್ ಹೇಳಿದಷ್ಟಕ್ಕೆ ಏರಿಸುತ್ತೆ. ನೀವು ಆ ಪಾಟ್ ಮುಟ್ಟಿಲ್ಲ, ಹಾಗಾಗಿ 11 ವೋಲ್ಟ್ ಅಂತ ಇಟ್ಕೊಳ್ಳೋಣ. ಔಟ್‌ಪುಟ್ಟಿನ 470 ಮೈಕ್ರೋಫ್ಯಾರಡ್ ಕೆಪಾಸಿಟರ್ 11 ವೋಲ್ಟಿಗೆ ತುಂಬಿ ಕಾಯ್ತಾ ಇರುತ್ತೆ, ಅದರಲ್ಲಿ 28 ಮಿಲಿಜೂಲ್. ಸ್ವಿಚ್ ಹಾಕಿದ ತಕ್ಷಣ ತಂತಿ, ಸ್ವಿಚ್, ಡಯೋಡ್ ಎಲ್ಲ ಸೇರಿ 0.15 ಓಮ್ ಇದೆ ಅಂದ್ರೂ ಆರೂವರೆ ವೋಲ್ಟ್ ಭಾಗಿಸು 0.15, ನಲವತ್ತು ಆಂಪ್ ಮೀರುತ್ತೆ. ಅದು ಇರೋದು 70 ಮೈಕ್ರೋಸೆಕೆಂಡ್ ಅಷ್ಟೇ. ಬೋರ್ಡಿನ ಸಿಸಿ ಸರ್ಕ್ಯೂಟ್ ಎಚ್ಚರ ಆಗೋಷ್ಟರಲ್ಲಿ ಎಲ್ಲ ಮುಗಿದಿರುತ್ತೆ. ಮೀಟರ್ ಏನೂ ತೋರಿಸಲ್ಲ, ಫ್ಯೂಸ್ ಹೋಗಲ್ಲ. ಡಯೋಡಿನ ತುದಿಯ ಕನ್ನಡಿಯಂಥ ಮುಖ ಮಾತ್ರ ಕರಗಿಹೋಗುತ್ತೆ. ಕನ್ನಡಿ ಹೋದಮೇಲೆ ಜಂಕ್ಷನ್ ಬೆಳಕು ಕೊಡುತ್ತೆ, ಲೇಸರ್ ಕೊಡಲ್ಲ. ನಿಮ್ಮ ಮಂಕು ನೀಲಿ ಅದೇ.

ಸರಿ ಮಾಡೋ ಕ್ರಮ:

1. ಸ್ವಿಚ್ಚನ್ನ ಬೋರ್ಡಿನ ಇನ್‌ಪುಟ್ ಕಡೆಗೆ ಹಾಕಿ. ಡಯೋಡಿಗೂ ಡ್ರೈವರಿಗೂ ನಡುವೆ ಸ್ವಿಚ್, ರಿಲೇ, ಫ್ಯೂಸ್, ಬಿಚ್ಚಿ ಹಾಕೋ ಕನೆಕ್ಟರ್, ಆಂಪ್ ಮೀಟರಿನ ಪ್ರೋಬ್, ಯಾವುದೂ ಬೇಡ. ನೇರ ಬೆಸುಗೆ.

2. ಲೋಡ್ ಇಲ್ಲದೆ ಸಿವಿ ಪಾಟನ್ನ 4.8 ವೋಲ್ಟಿಗೆ ಇಳಿಸಿ. ಆಮೇಲೆ ಶಾರ್ಟ್ ಮಾಡಿ ಸಿಸಿ ಪಾಟನ್ನ 3 ಆಂಪಿಗೆ ಸೆಟ್ ಮಾಡಿ.

3. ಔಟ್‌ಪುಟ್ಟಿಗೆ ಅಡ್ಡಲಾಗಿ 470 ಓಮ್ ಅರ್ಧ ವ್ಯಾಟ್ ರೆಸಿಸ್ಟರ್. ಆರಿಸಿದ ಮೇಲೆ ಒಂದೆರಡು ಸೆಕೆಂಡಿನಲ್ಲಿ ಕೆಪಾಸಿಟರ್ ಖಾಲಿ ಆಗುತ್ತೆ.

4. ಡಯೋಡ್ ಬದಲು ಡಮ್ಮಿ ಹಾಕಿ: 6ಎ10 ರೆಕ್ಟಿಫೈಯರ್ ಐದು ಸಾಲಾಗಿ, ಜೊತೆಗೆ 0.1 ಓಮ್ 5 ವ್ಯಾಟ್ ರೆಸಿಸ್ಟರ್ ಒಂದು. 3 ಆಂಪಿಗೆ ಇದು ಹತ್ತಿರತ್ತಿರ ನಾಲ್ಕೂಕಾಲು, ನಾಲ್ಕೂವರೆ ವೋಲ್ಟ್ ತಿನ್ನುತ್ತೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತೆ. ರೆಸಿಸ್ಟರ್ ಮೇಲೆ ಸ್ಕೋಪ್ (ಆಸಿಲೋಸ್ಕೋಪ್) ಇಟ್ಟು ಸಿಂಗಲ್ ಟ್ರಿಗರ್ ಹಾಕಿ, ಇನ್‌ಪುಟ್ ಸ್ವಿಚ್ಚನ್ನ ಹತ್ತಿಪ್ಪತ್ತು ಸಲ ಹಾಕಿ ತೆಗೆಯಿರಿ. 300 ಮಿಲಿವೋಲ್ಟ್ ಅಂದ್ರೆ 3 ಆಂಪ್. ಯಾವತ್ತಾದ್ರೂ 330 ದಾಟಿ ಮುಳ್ಳು ಎದ್ರೆ ಆ ಬೋರ್ಡ್ ಲೇಸರಿಗೆ ಬೇಡ, ಬ್ಯಾಟರಿ ಚಾರ್ಜ್ ಮಾಡೋಕೆ ಇಟ್ಕೊಳ್ಳಿ.

5. ಪಾಸಾದ್ರೆ ಸಿಸಿ ಪಾಟಿನ ಬದಲು ಫಿಕ್ಸ್ ರೆಸಿಸ್ಟರ್ ಹಾಕಿ. ಆ ಬೋರ್ಡುಗಳ ಪಾಟಿನ ವೈಪರ್ (ಒಳಗೆ ಜಾರೋ ನಡು ಕಾಲು) ಧೂಳಿಗೋ ಅಲುಗಾಟಕ್ಕೋ ಒಂದು ಕ್ಷಣ ಬಿಟ್ಟುಹೋದ್ರೆ ಕೆಲವದರಲ್ಲಿ ಕರೆಂಟ್ ಪೂರ್ತಿ 5 ಆಂಪಿಗೆ ಹಾರುತ್ತೆ. ಸಿಎನ್‌ಸಿ ಹೆಡ್ ಇಡೀ ದಿನ ಅಲುಗಾಡೋ ವಸ್ತು.

ಪಾಸಾಗದೇ ಇದ್ರೆ ಲೀನಿಯರ್ ಡ್ರೈವರ್ ಕಟ್ಕೊಳ್ಳಿ, ಒಂದು ಸಂಜೆಯ ಕೆಲಸ. ಸಪ್ಲೈ 7 ವೋಲ್ಟ್, ಅದಕ್ಕೆ ಅದೇ ಬಕ್ ಬೋರ್ಡನ್ನ ಬರೀ ಸಿವಿಯಲ್ಲಿ ಬಳಸಬಹುದು. ಡಯೋಡಿನ ಪ್ಲಸ್ 7 ವೋಲ್ಟಿಗೆ, ಮೈನಸ್ ಐಆರ್‌ಎಲ್‌ಝಡ್44ಎನ್ ಮಾಸ್‌ಫೆಟ್ಟಿನ ಡ್ರೈನಿಗೆ, ಸೋರ್ಸಿನಿಂದ ಗ್ರೌಂಡಿಗೆ 0.1 ಓಮ್ 5 ವ್ಯಾಟ್. ಲಾಜಿಕ್ ಲೆವೆಲ್ ಫೆಟ್ಟೇ ಬೇಕು, ಐಆರ್‌ಎಫ್‌ಝಡ್44ಗೆ ಈ ವೋಲ್ಟೇಜಿನಲ್ಲಿ ಗೇಟ್ ಸಾಲದೇ ಹೋಗಬಹುದು. ಎಲ್‌ಎಂ358 ಆಪ್‌ಆಂಪಿನ ಔಟ್‌ಪುಟ್ 100 ಓಮ್ ಮೂಲಕ ಗೇಟಿಗೆ, ಗೇಟಿಂದ ಗ್ರೌಂಡಿಗೆ 10 ಕೆ. ಸೆನ್ಸ್ ವೋಲ್ಟೇಜ್ (ಆ 0.1 ಓಮ್ ಮೇಲಿನದು) 1 ಕೆ ಮೂಲಕ ಇನ್ವರ್ಟಿಂಗ್ ಇನ್‌ಪುಟ್ಟಿಗೆ, ಔಟ್‌ಪುಟ್ಟಿನಿಂದ ಅಲ್ಲಿಗೇ 1 ನ್ಯಾನೋಫ್ಯಾರಡ್. ಇದನ್ನ ಬಿಟ್ರೆ ಸರ್ಕ್ಯೂಟ್ ಆಸಿಲೇಟ್ ಆಗುತ್ತೆ, ಡಯೋಡ್ ಮಿನುಗೋದು ಕಣ್ಣಿಗೆ ಕಾಣಲ್ಲ, ಸಾಯುತ್ತೆ ಅಷ್ಟೇ.

ರೆಫರೆನ್ಸ್ ಟಿಎಲ್431ರಿಂದ 2.5 ವೋಲ್ಟ್. ಅಲ್ಲಿಂದ 39 ಕೆ, ಆಮೇಲೆ 5 ಕೆ ಇಪ್ಪತ್ತು ಸುತ್ತಿನ ಪಾಟ್ ಗ್ರೌಂಡಿಗೆ, ವೈಪರ್ ನಾನ್-ಇನ್ವರ್ಟಿಂಗ್ ಇನ್‌ಪುಟ್ಟಿಗೆ. ಪೂರ್ತಿ ತಿರುಗಿಸಿದ್ರೂ 0.284 ವೋಲ್ಟ್, ಅಂದ್ರೆ 2.84 ಆಂಪ್ ದಾಟಲ್ಲ. ಈ 39 ಕೆ ಲೆಕ್ಕ ಹಾಕಿಯೇ ಇಟ್ಟಿದ್ದು, ಕೈ ತಪ್ಪಿ ಪಾಟ್ ತಿರುಗಿದ್ರೂ ಡಯೋಡ್ ಉಳಿಯಬೇಕು. ವೈಪರಿಂದ ಗ್ರೌಂಡಿಗೆ 100 ಕೆ ಮತ್ತು 10 ಮೈಕ್ರೋಫ್ಯಾರಡ್. ವೈಪರ್ ಕಿತ್ತುಹೋದ್ರೆ 100 ಕೆ ಕರೆಂಟನ್ನ ಸೊನ್ನೆಗೆ ಎಳೆಯುತ್ತೆ, 10 ಮೈಕ್ರೋಫ್ಯಾರಡ್‌ನಿಂದ ಶುರು ನಿಧಾನ ಆಗುತ್ತೆ. ಹೊಳಪನ್ನ ಪಿಡಬ್ಲ್ಯುಎಂನಲ್ಲಿ (ವೇಗವಾಗಿ ಆನ್-ಆಫ್ ಮಾಡಿ) ಆಡಿಸ್ತೀರಾದ್ರೆ ಆ ಕೆಪಾಸಿಟರ್ ಪಲ್ಸುಗಳನ್ನೆಲ್ಲ ಸರಾಸರಿ ಮಾಡಿಬಿಡುತ್ತೆ, ಗಮನದಲ್ಲಿರಲಿ. ಡಯೋಡಿಗೆ ತಲೆಕೆಳಗಾಗಿ ಅಡ್ಡ ಒಂದು 1ಎನ್5822. ಫೆಟ್ ತಿನ್ನೋದು ಸುಮಾರು 7 ವ್ಯಾಟ್, ಅದಕ್ಕೂ ಹೀಟ್ ಸಿಂಕ್ ಬೇಕು. ಡಯೋಡಿನ ಹೀಟ್ ಸಿಂಕಿಗೆ ಅದನ್ನ ಕಟ್ಟಬೇಡಿ.

ಒಂದು ಎಚ್ಚರಿಕೆ. ಇದು ಆನ್ ಇದ್ದಾಗ ಡಯೋಡಿನ ತಂತಿ ಬಿಚ್ಚಿದ್ರೆ ಆಪ್‌ಆಂಪ್ ಕರೆಂಟ್ ಹುಡುಕ್ತಾ ಗೇಟನ್ನ ಪೂರ್ತಿ ತೆರೆದು ಕೂರುತ್ತೆ. ವಾಪಸ್ ತಾಗಿಸಿದ್ರೆ ಮತ್ತೆ ಅದೇ ಕರೆಂಟ್ ನುಗ್ಗೋ ಕಥೆ.

ವೋಲ್ಟೇಜ್ ಸೆಟ್ ಮಾಡಿ ನೇರ ಕೊಟ್ರೆ ಆಗಲ್ವಾ ಅಂತ ಕೇಳೋರಿಗೆ: ಡಯೋಡ್ ಬಿಸಿಯಾದಂತೆ ಅದರ ವೋಲ್ಟೇಜ್ ಇಳಿಯುತ್ತೆ. ಸ್ಥಿರ ವೋಲ್ಟೇಜಿನಲ್ಲಿ ಬಿಸಿ ಆದಷ್ಟೂ ಹೆಚ್ಚು ಕರೆಂಟ್, ಹೆಚ್ಚು ಕರೆಂಟಿಗೆ ಇನ್ನೂ ಬಿಸಿ. ಆದ್ರೆ ಇದೇ ಗುಣ ನಿಮಗೆ ಬಿಟ್ಟಿ ಥರ್ಮಾಮೀಟರ್. ಕರೆಂಟ್ ಸ್ಥಿರ ಇಟ್ಟು ಡಯೋಡಿನ ಕಾಲುಗಳ ವೋಲ್ಟೇಜ್ ನೋಡ್ತಾ ಇರಿ. ಒಂದೆರಡು ನಿಮಿಷ ಇಳಿದು ನಿಂತರೆ ಕೂಲಿಂಗ್ ಸಾಕು. ಹತ್ತು ನಿಮಿಷ ಆದ್ರೂ ಇಳೀತಾನೇ ಇದ್ರೆ ಸಾಲದು.

---

ಅರ್ತಿಂಗ್_ಆನಂದ

ಒಂದು ವಿಷಯ ಬಿಟ್ಟುಹೋಯ್ತು. ಎರಡು ಪಿನ್ ಅಡಾಪ್ಟರಿನ ಔಟ್‌ಪುಟ್ ಮತ್ತು ಗೋಡೆಯ ಅರ್ತ್ ನಡುವೆ ಎಸಿ ವೋಲ್ಟೇಜ್ ಅಳೆದು ನೋಡಿ. 12 ವೋಲ್ಟ್ ಡಿಸಿ ಅಡಾಪ್ಟರ್ ನೂರರ ಹತ್ತಿರ ತೋರಿಸಬಹುದು. ಒಳಗಿರೋ ವೈ-ಕೆಪಾಸಿಟರಿನ ಸೋರಿಕೆ ಅದು. ಲ್ಯಾಪ್‌ಟಾಪ್ ಮೈಗೆ ಕೈ ಸವರಿದ್ರೆ ಜುಮ್ ಅನ್ನುತ್ತಲ್ಲ, ಅದೇ. 2.2 ನ್ಯಾನೋಫ್ಯಾರಡ್ 325 ವೋಲ್ಟಿನ ಶಿಖರದಲ್ಲಿ 0.1 ಮಿಲಿಜೂಲ್ ಹಿಡಿದಿರುತ್ತೆ. ಒಣ ಹವೆಯಲ್ಲಿ ಮೈಮೇಲೆ ಸೇರೋ 2000 ವೋಲ್ಟ್ ಸ್ಥಾಯಿ ವಿದ್ಯುತ್ತು 0.2 ಮಿಲಿಜೂಲ್. ಎರಡೂ ಒಂದೇ ಜಾತಿ. ಅರ್ತ್ ಆದ ಸೋಲ್ಡರಿಂಗ್ ಐರನ್ ತುದಿ ಈ ತೇಲುವ ತಂತಿಗೆ ತಾಗಿದಾಗ ಮಧ್ಯೆ ಡಯೋಡ್ ಇದ್ರೆ ಅದರ ಮೂಲಕವೇ ಹರಿಯುತ್ತೆ.

ಹಾಗಾಗಿ ಬೆಸೆಯುವಾಗ ಅಡಾಪ್ಟರ್ ಗೋಡೆಯಿಂದ ಕಿತ್ತಿರಬೇಕು, ಸ್ವಿಚ್ ಆರಿಸಿದ್ರೆ ಸಾಲದು. ಡಯೋಡಿನ ಕಾಲುಗಳನ್ನ ಒಂದು ಎಳೆ ತಾಮ್ರದ ತಂತಿ ಸುತ್ತಿ ಶಾರ್ಟ್ ಮಾಡಿಟ್ಟು, ಡ್ರೈವರ್ ತಂತಿ ಬೆಸೆದು, ಎಲ್ಲ ಮುಗಿದ ಮೇಲೆ ಕೊನೆಗೆ ಆ ಎಳೆ ಬಿಚ್ಚಿ. ಒಂದು ಕಾಲಿಗೆ ಮೂರು ಸೆಕೆಂಡ್ ಮೀರಬೇಡಿ. ಸಪ್ಲೈಗೆ ಮೂರು ಪಿನ್ ಲೋಹದ ಪೆಟ್ಟಿಗೆಯ ಎಸ್‌ಎಂಪಿಎಸ್ ಒಳ್ಳೇದು, ಅದರ ಮೈನಸ್ಸನ್ನ ಅರ್ತ್‌ಗೆ ಸೇರಿಸಬಹುದು. ಮನೆಯ ಮೂರನೇ ಪಿನ್ನಿನಲ್ಲಿ ನಿಜವಾಗ್ಲೂ ಅರ್ತ್ ಇದೆಯಾ ಅಂತ ಮೊದಲು ನೋಡ್ಕೊಳ್ಳಿ. ಹಳೇ ಮನೆಗಳಲ್ಲಿ ಎಷ್ಟೋ ಕಡೆ ಅದು ಬರೀ ತೂತು.

---

ಕುಡ್ಲದ_ಕಿರಣ

ಪೆಲ್ಟಿಯರ್ ಬೇಡವೇ ಬೇಡ ಮಾರಾಯ್ರೆ. ಟಿಇಸಿ1-12706ಕ್ಕೆ 12 ವೋಲ್ಟ್ ಕೊಟ್ರೆ ಅದೇ 50 ವ್ಯಾಟ್ ಹತ್ತಿರ ತಿಂತದೆ. ನೀವು ಹೊರಗೆ ಹಾಕಬೇಕಾದ್ದು 8. ಬಿಸಿ ಬದಿಯಲ್ಲಿ ಈಗ 58 ವ್ಯಾಟ್ ಆಯ್ತು, ನಿಮ್ಮ ಆ ಪುಟ್ಟ ಬ್ಲಾಕಿಗೆ ಅದು ತಡೆಯುವುದಿಲ್ಲ. ಬಿಸಿ ಬದಿ ಏರಿದ ಹಾಗೆ ತಂಪು ಬದಿಯೂ ಏರ್ತದೆ, ಕಡೆಗೆ ಪೆಲ್ಟಿಯರ್ ಇಲ್ಲದಿದ್ದಕ್ಕಿಂತ ಡಯೋಡ್ ಬಿಸಿ.

ಮತ್ತೆ ನೀರು. ಮಂಗಳೂರಿನಲ್ಲಿ 30 ಡಿಗ್ರಿ, ಶೇಕಡ 80 ತೇವ ಇರುವ ದಿನ ಇಬ್ಬನಿ ಬಿಂದು (ಗಾಳಿಯ ತೇವ ಹನಿಯಾಗುವ ತಾಪ) 26 ಡಿಗ್ರಿ. ಲೇಸರನ್ನು 20ಕ್ಕೆ ಇಟ್ಟರೆ ಡಯೋಡಿನ ಗಾಜಿನ ಮೇಲೆ ಹನಿ, ಕಾಲುಗಳ ನಡುವೆ ಹನಿ. ಬೆಂಗಳೂರಿನಲ್ಲಿ 28 ಡಿಗ್ರಿ, ಶೇಕಡ 50 ಇದ್ದರೆ ಇಬ್ಬನಿ ಬಿಂದು ಹದಿನಾರೂವರೆ, ಅಲ್ಲಿ ಮಾಡಿ ನೋಡಿ ಸರಿಯಾಯ್ತು ಅಂತ ಹೇಳುವವರ ಮಾತು ಕೇಳಿ ಇಲ್ಲಿ ಮಾಡಬಾರದು.

ಪೆಲ್ಟಿಯರ್ ನಿಜಕ್ಕೂ ಬೇಕಾಗುವುದು ಹಸಿರು ಲೇಸರಿನ ಹರಳಿಗೆ ಬೆಳಕು ಊಡುವ 808 ನ್ಯಾನೋಮೀಟರಿನ ಪಂಪ್ ಡಯೋಡಿಗೆ. ಅದರ ಬಣ್ಣ ಡಿಗ್ರಿಗೆ 0.3 ನ್ಯಾನೋಮೀಟರ್ ಜಾರ್ತದೆ. 25ರಿಂದ 40ಕ್ಕೆ ಹೋದರೆ ನಾಲ್ಕೂವರೆ ನ್ಯಾನೋಮೀಟರ್. ನಿಯೋಡಿಮಿಯಂ ಹರಳು 808ರ ಸುತ್ತಿನ ಕಿರಿದಾದ ಪಟ್ಟಿಯನ್ನು ಮಾತ್ರ ಚೆನ್ನಾಗಿ ಹೀರುವುದು, ಹಾಗಾಗಿ ಡಯೋಡ್ ಪೂರ್ತಿ ಪವರ್ ಕೊಡುತ್ತಿದ್ದರೂ ಹಸಿರು ಬೆಳಕು ಮಾಯ. ನಿಮ್ಮ ನೀಲಿ ಡಯೋಡ್ ಡಿಗ್ರಿಗೆ 0.1 ಸಹ ಜಾರುವುದಿಲ್ಲ, ಮರಕ್ಕೆ ಅದು ಲೆಕ್ಕವೂ ಅಲ್ಲ.

808 ಮಾಡುವವರು ಇದ್ದರೆ: ಪೆಲ್ಟಿಯರಿಗೆ 5 ವೋಲ್ಟ್ ಕೊಡಿ, 11-12 ವ್ಯಾಟಿನಲ್ಲಿ ಕೆಲಸ ಆಗ್ತದೆ. ಇಬ್ಬನಿ ಬಿಂದುವಿಗಿಂತ ಎರಡು ಡಿಗ್ರಿ ಮೇಲೆ ಸೆಟ್ ಮಾಡಿ, ಆ ತಾಪಕ್ಕೆ 808 ಬರುವ ಡಯೋಡ್ ಆರಿಸಿ. ರಿಲೇ ಥರ್ಮೋಸ್ಟಾಟಿನಲ್ಲಿ ಆನ್-ಆಫ್ ಮಾಡಿಸಬೇಡಿ. ಬಿಸಿ-ತಂಪು ಆಗಿ ಆಗಿ ಒಳಗಿನ ಬೆಸುಗೆ ಬಿರಿಯುತ್ತದೆ. ಸಿ-ಮೌಂಟ್ ಡಯೋಡ್ ಆದರೆ ಸಾಮಾನ್ಯವಾಗಿ ಅದರ ಮೈಯೇ ಪ್ಲಸ್, ಹೀಟ್ ಸಿಂಕ್ ಮತ್ತೆಲ್ಲಿಯೂ ಗ್ರೌಂಡಿಗೆ ತಾಗದ ಹಾಗೆ ನೋಡಿಕೊಳ್ಳಿ.

---

ಪ್ಲೈವುಡ್_ಪಾಪಣ್ಣ

ಎಲ್ಲರಿಗೂ ಥ್ಯಾಂಕ್ಸ್. ಅಳತೆಗಳು ಹೀಗಿವೆ. ಕೋಣೆ 29 ಡಿಗ್ರಿ, ಕರೆಂಟ್ 3 ಆಂಪ್.

ಮುಂಚೆ: ತಾಮ್ರದ ತುಂಡು ಶುರುವಿನಲ್ಲಿ 5.6 ಡಿಗ್ರಿ ಏರ್ತಿತ್ತು, 15 ನಿಮಿಷಕ್ಕೆ 4.3. ಫಿನ್ 33 ಡಿಗ್ರಿ, ಮಾಡ್ಯೂಲಿನ ಮೂತಿ 58.

ಬ್ಲಾಕ್ ಸೀಳಿ, ಎರಡು ಬೋಲ್ಟ್ ಹಾಕಿ, ಪೇಸ್ಟ್ ಬಳಿದ ಮೇಲೆ: 5.7, 15 ನಿಮಿಷಕ್ಕೆ 5.5. ಫಿನ್ 40, ಮೂತಿ 43. ಡಯೋಡಿನ ವೋಲ್ಟೇಜ್ ಎರಡು ನಿಮಿಷಕ್ಕೆ ಇಳಿದು ನಿಲ್ಲುತ್ತೆ.

ಬಕ್ ಬೋರ್ಡ್ ಡಮ್ಮಿ ಲೋಡಿನಲ್ಲಿ ಫೇಲ್. ಇಪ್ಪತ್ತರಲ್ಲಿ ಮೂರು ಸಲ 400 ಮಿಲಿವೋಲ್ಟ್ ದಾಟಿತು. ಲೀನಿಯರ್ ಕಟ್ತೀನಿ.

ಇನ್ನು ಮೂರು ಪ್ರಶ್ನೆ. ಫ್ಯಾನ್ ನಿಂತರೆ ಅಂತ 45 ಡಿಗ್ರಿಯ ಗುಂಡಿ ಥರ್ಮೋಸ್ಟಾಟ್ ತಂದಿದ್ದೀನಿ, ಡಯೋಡ್ ತಂತಿಗೆ ಸರಣಿಯಲ್ಲಿ ಹಾಕ್ಲಾ? ಎಂಟು ಡಯೋಡಿನ ಇಡೀ ಬ್ಯಾಂಕ್ ಓಡಿಸೋದಾದ್ರೆ ಕೂಲಿಂಗ್ ಹೇಗೆ? ಕಿಟ್ಟಿನ ಜೊತೆ ಬಂದ ಹಸಿರು ಗಾಜಿನ ಕನ್ನಡಕ ಸಾಕಾ?

---

ಸುಟ್ಟ_ಟ್ರಾನ್ಸಿಸ್ಟರ್

ಥರ್ಮೋಸ್ಟಾಟ್ ಡಯೋಡ್ ತಂತಿಗೆ ಹಾಕಿದ್ರೆ ಟಾಗಲ್ ಸ್ವಿಚ್ ಮತ್ತೆ ಹಾಕಿದ ಹಾಗೇ ಆಯ್ತಲ್ಲ ಗುರುವೇ. ತಣ್ಣಗಾಗಿ ತಾನೇ ಕೂಡಿಕೊಂಡಾಗ ಡಯೋಡ್ ಮಟಾಷ್. ಡ್ರೈವರಿನ ಇನ್‌ಪುಟ್ಟಿಗೆ ಹಾಕಿ. ಬ್ಲಾಕಿನ ಹೊರಗೆ ಅಂಟಿಸಿದ್ರೆ ನಿಧಾನ, ಹಾಗಾಗಿ ನನ್ನ ಮತ ಎನ್‌ಟಿಸಿಗೆ (ಬಿಸಿಯಾದಷ್ಟೂ ಓಮ್ ಇಳಿಯೋ ತಾಪದ ಸೆನ್ಸರ್).

10 ಕೆ, ಬೀಟಾ 3950 ಎನ್‌ಟಿಸಿ, ಮಾಡ್ಯೂಲಿನ ಮೂತಿಯಿಂದ 5 ಮಿ.ಮೀ. ಒಳಗೆ ಸಣ್ಣ ತೂತು ಕೊರೆದು ಪೇಸ್ಟ್ ಜೊತೆ ಕೂರಿಸಿ. ನಿಮ್ಮ ಮೂತಿ ಈಗಲೇ 43 ಇದೆ, 45 ಬಹಳ ಹತ್ತಿರ ಆಯ್ತು, 50ಕ್ಕೆ ಇಡಿ. 45ಕ್ಕೆ ಎನ್‌ಟಿಸಿ 4.35 ಕೆ, 50ಕ್ಕೆ ಸುಮಾರು 3.6 ಕೆ. 5 ವೋಲ್ಟಿನಿಂದ 10 ಕೆ ಇಳಿಸಿ ಎನ್‌ಟಿಸಿ ಗ್ರೌಂಡಿಗೆ ಕಟ್ಟಿದ್ರೆ 50 ಡಿಗ್ರಿಯಲ್ಲಿ ಜಂಕ್ಷನ್ 1.3 ವೋಲ್ಟ್. ಎಲ್‌ಎಂ393 ಕಂಪ್ಯಾರೇಟರ್ ಅದನ್ನ ಹೋಲಿಸಿ ನಿಮ್ಮ ಲೀನಿಯರ್ ಡ್ರೈವರಿನ ವೈಪರನ್ನ ಗ್ರೌಂಡಿಗೆ ಎಳೆಯಲಿ. ಓಪನ್ ಕಲೆಕ್ಟರ್ ಆದ್ದರಿಂದ ನೇರ ಕಟ್ಟಬಹುದು. 10 ಮೈಕ್ರೋಫ್ಯಾರಡ್ ಇರೋದ್ರಿಂದ ವಾಪಸ್ ಬರೋದೂ ನಿಧಾನವಾಗೇ ಬರುತ್ತೆ. ಎರಡು ಮೂರು ಡಿಗ್ರಿ ಹಿಸ್ಟರಿಸಿಸ್ (ಆರೋ ತಾಪಕ್ಕೂ ವಾಪಸ್ ಹತ್ತೋ ತಾಪಕ್ಕೂ ಅಂತರ) ಕೊಡಿ. ಎನ್‌ಟಿಸಿ ತಂತಿ ಕಿತ್ತರೆ ಈ ಸರ್ಕ್ಯೂಟ್ ತಣ್ಣಗಿದೆ ಅಂದ್ಕೊಳ್ಳುತ್ತೆ, ಅದಕ್ಕೆ 393ರ ಉಳಿದ ಅರ್ಧವನ್ನ ಜಂಕ್ಷನ್ 4.7 ವೋಲ್ಟ್ ದಾಟಿದ್ರೂ ಎಳೆಯೋ ಹಾಗೆ ಕಟ್ಟಿ. 5 ವೋಲ್ಟಿನ ಸಪ್ಲೈಯಲ್ಲಿ 393ರ ಇನ್‌ಪುಟ್ ಅಷ್ಟು ಮೇಲೆ ಸರಿಯಾಗಿ ಓದಲ್ಲ, ಚಿಪ್ಪಿಗೆ 7 ವೋಲ್ಟನ್ನೇ ಕೊಡಿ.

---

ಓಂಕಾರ_ಓಮ್

ಬ್ಯಾಂಕ್: ಎಂಟೆಂಟ್ಲ 64 ವ್ಯಾಟ್. ಹಳೇ ಕಂಪ್ಯೂಟರಿನ ಟವರ್ ಕೂಲರ್ ಸಾಕು, ಬ್ಯಾಂಕಿನ ತಳ ಚಪ್ಪಟೆ ಇದೆಯಾ ಅಂತ ಗಾಜಿನ ಮೇಲೆ ಇಟ್ಟು ನೋಡಿ. ನೀರೇ ಬೇಕಂದ್ರೆ 40×40 ಬ್ಲಾಕ್, ನಿಮಿಷಕ್ಕೆ 2 ಲೀಟರ್. ಆ ಹರಿವಿನಲ್ಲಿ 64 ವ್ಯಾಟಿಗೆ ನೀರು ಅರ್ಧ ಡಿಗ್ರಿಯೂ ಏರಲ್ಲ, ದೊಡ್ಡ ಪಂಪಿಗೆ ದುಡ್ಡು ಹಾಕಬೇಡಿ. ಬೋರ್‌ವೆಲ್ ನೀರು ಹಾಕಿದ್ರೆ ಒಳಗೆ ಬಿಳೀ ಪದರ ಕಟ್ಟುತ್ತೆ, ಡಿಸ್ಟಿಲ್ಡ್ ವಾಟರ್ ಹಾಕಿ. ಬ್ಲಾಕು ತಾಮ್ರ, ರೇಡಿಯೇಟರ್ ಅಲ್ಯೂಮಿನಿಯಂ ಅಂತ ಬೆರೆಸಬೇಡಿ, ಅಲ್ಯೂಮಿನಿಯಂ ಕೊರೆದುಹೋಗುತ್ತೆ.

ಡಯೋಡುಗಳು ಸರಣಿಯಲ್ಲೇ ಇರಲಿ: 34 ವೋಲ್ಟ್ ಹತ್ತಿರ, 3 ಆಂಪ್. ಪ್ಯಾರಲಲ್ ಕಟ್ಟಿದ್ರೆ ಕಡಿಮೆ ವೋಲ್ಟೇಜಿನದು ಎಲ್ಲರ ಪಾಲನ್ನೂ ತಾನೇ ಎಳ್ಕೊಂಡು ಮೊದಲು ಸಾಯುತ್ತೆ. ಆದ್ರೆ ಎಂಟು ಕಿರಣ ಒಂದು ಚುಕ್ಕಿಗೆ ತರೋ ಆಪ್ಟಿಕ್ಸ್ ಬೇರೇ ಕಷ್ಟ, ಮರ ಕೆತ್ತೋಕೆ ಒಂದೇ ಡಯೋಡ್ ಸಾಕು ಅನ್ನೋದು ನನ್ನ ಅಭಿಪ್ರಾಯ.

ಹಸಿರು ಕನ್ನಡಕ ಇವತ್ತೇ ಕಸಕ್ಕೆ ಹಾಕಿ. 445ಕ್ಕೆ ಬೇಕಾದ್ದು ಕಿತ್ತಳೆ ಗಾಜು, ಅದರ ಮೇಲೆ ತರಂಗಾಂತರದ ಶ್ರೇಣಿ ಮತ್ತು ಓಡಿ (ಎಷ್ಟು ಬೆಳಕು ತಡೆಯುತ್ತೆ ಅನ್ನೋ) ಅಂಕಿ ಅಚ್ಚಾಗಿರಬೇಕು, ಇಎನ್ 207 (ಲೇಸರ್ ಕನ್ನಡಕದ ಯುರೋಪಿನ ಮಾನದಂಡ) ಗುರುತು ಇದ್ರೆ ಒಳ್ಳೇದು. ಓಡಿ 4 ಅಂದ್ರೆ 5 ವ್ಯಾಟ್ ಅರ್ಧ ಮಿಲಿವ್ಯಾಟ್ ಆಗುತ್ತೆ, ಓಡಿ 5 ಅಂದ್ರೆ 50 ಮೈಕ್ರೋವ್ಯಾಟ್. 5 ತಗೊಳ್ಳಿ. 500 ಮಿಲಿವ್ಯಾಟ್ ಮೀರಿದ್ದೆಲ್ಲ ಕ್ಲಾಸ್ 4, ಮರದ ಮೇಲಿನ ಚುಕ್ಕಿಯನ್ನ ಹತ್ತಿರದಿಂದ ಬರಿಗಣ್ಣಲ್ಲಿ ನೋಡೋದೂ ಅಪಾಯವೇ. ಅದೇ ಕಿತ್ತಳೆ ಕನ್ನಡಕ 808ಕ್ಕೆ ಏನೂ ತಡೆಯಲ್ಲ, ಕಿರಣ್ ಹೇಳಿದ್ದು ನೋಡಿ ಅದಕ್ಕೆ ಕೈ ಹಾಕೋರು ಬೇರೆಯದೇ ತಗೊಳ್ಳಬೇಕು. ಮೆಷಿನ್ನಿಗೆ ಮುಚ್ಚಳದ ಪೆಟ್ಟಿಗೆ ಮಾಡಿ, ಮುಚ್ಚಳದ ಮೈಕ್ರೋಸ್ವಿಚ್ ಡ್ರೈವರಿನ ಇನ್‌ಪುಟ್ಟಿಗೆ. ಪಿವಿಸಿ ಹಾಳೆ ಮಾತ್ರ ಒಳಗೆ ಇಡಬೇಡಿ, ಸುಟ್ಟರೆ ಆಮ್ಲದ ಆವಿ, ನಿಮ್ಮ ಶ್ವಾಸಕೋಶಕ್ಕೂ ಲೆನ್ಸಿಗೂ ಕೆಟ್ಟದ್ದು.

---

ಪ್ಲೈವುಡ್_ಪಾಪಣ್ಣ

ಆಯ್ತು, ಥರ್ಮೋಸ್ಟಾಟ್ ಹಾಕಲ್ಲ, ಎನ್‌ಟಿಸಿಯೇ. ಕೊನೇ ಪ್ರಶ್ನೆ: ಫ್ಯಾನ್ ಗಾಳಿ ಮೇಲಕ್ಕೆ ಎಳೀಬೇಕಾ, ಕೆಳಕ್ಕೆ ಊದಬೇಕಾ?

---

ಓಂಕಾರ_ಓಮ್

ಕೆಳಕ್ಕೆ. ಮೇಲಕ್ಕೆ ಎಳೆದ್ರೆ ಪ್ಲೈವುಡ್ಡಿನ ಹೊಗೆಯನ್ನ ಲೆನ್ಸಿನ ಪಕ್ಕದಿಂದಲೇ ಫಿನ್ ಒಳಗೆ ಕರ್ಕೊಂಡು ಬರುತ್ತೆ, ತಿಂಗಳೊಳಗೆ ಫಿನ್ ಸಂದಿನಲ್ಲಿ ಅಂಟು ಅಂಟು ಟಾರ್. ಕೆಳಕ್ಕೆ ಊದಿದ್ರೂ ಹೊಗೆ ಹಲಗೆಗೆ ಬಡಿದು ವಾಪಸ್ ಏಳುತ್ತೆ, ಅದಕ್ಕೆ ಅಕ್ವೇರಿಯಂ ಪಂಪಿನಿಂದ 2 ಮಿ.ಮೀ. ನಳಿಕೆ ತಂದು ಚುಕ್ಕಿಯ ಪಕ್ಕಕ್ಕೆ ಓರೆಯಾಗಿ ಬಿಡಿ. ನಳಿಕೆಯ ತುದಿ ಹಿತ್ತಾಳೆಯದ್ದಾದ್ರೆ ಕಪ್ಪು ಬಳಿಯಿರಿ, ಹೊಳೆಯೋ ಲೋಹ ಕಿರಣದ ಹತ್ತಿರ ಬೇಡ.